ಎಲ್ಲಿದ್ದೇವೆ ಎಂದು ಊರಿಗೆಲ್ಲ ಹೇಳಬೇಕೇ?



ಒಂದು ಭಾನುವಾರ ಬಲಿಪೂಜೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತು ಮಾತನಾಡುತ್ತಿದ್ದೆವು. ಒಬ್ಬ ತಾಯಿ ಮೆಲ್ಲನೆ ಬಂದು, "ಸ್ವಲ್ಪ ಈ ಕಡೆ ಬನ್ನಿ, ಒಂದು ಮಾತು ಹೇಳಬೇಕು" ಎಂದು ಗೋಡೆಯ ಮರೆಗೆ ಕರೆದರು. ಕಣ್ಣು ಕೆಂಪಾಗಿತ್ತು. ಸೆರಗಿನಲ್ಲಿ ಮೊಬೈಲನ್ನು ಮುಚ್ಚಿಟ್ಟುಕೊಂಡಿದ್ದರು.

ಅವರ ಮಗಳು ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಾಳೆ. ಅವಳ ಹೆಸರಿನಲ್ಲಿ ಯಾರೋ ಜಾಲತಾಣದಲ್ಲಿ ಒಂದು ನಕಲಿ ಖಾತೆ ತೆರೆದಿದ್ದರು. ಅವಳದೇ ಫೋಟೊ, ಅವಳದೇ ಕಾಲೇಜಿನ ಹೆಸರು. ಆದರೆ ಅದರಲ್ಲಿ ಬರೆದಿದ್ದ ಮಾತುಗಳು ಬಾಯಲ್ಲಿ ಹೇಳುವಂಥವಲ್ಲ. ತರಗತಿಯ ಹುಡುಗರಿಗೆಲ್ಲ ಆ ಖಾತೆಯಿಂದ ಸಂದೇಶ ಹೋಗಿತ್ತು. ಹುಡುಗಿ ಅಳುತ್ತಾ ಮನೆಗೆ ಬಂದಿದ್ದಳು.

"ಮಗಳು ಏನೂ ಮಾಡಿಲ್ಲ. ಅವರಪ್ಪ ಮಾತ್ರ ಓದಿದ್ದು ಸಾಕು, ಮನೆಯಲ್ಲೇ ಇರಲಿ ಅಂತಾರೆ. ಏನು ಮಾಡಲಿ ಹೇಳಿ" ಎಂದರು ತಾಯಿ. ಆಮೇಲೆ ಮೊಬೈಲು ತೆಗೆದು ಆ ಖಾತೆಯಲ್ಲಿದ್ದ ಫೋಟೊ ತೋರಿಸಿದರು.

ಆ ಫೋಟೊ ನಾವು ತೆಗೆದದ್ದು.

ಚರ್ಚಿನ ಹಬ್ಬದ ದಿನ ಗಾಯನ ಮಂಡಳಿಯವರನ್ನು ನಿಲ್ಲಿಸಿ ತೆಗೆದಿದ್ದೆವು. ಆ ಹುಡುಗಿ ಒಳ್ಳೆಯ ಅಂಕ ಪಡೆದಿದ್ದಳು. ನಮ್ಮ ಬೆಟ್ಟದ ಊರುಗಳಿಂದ ಹೆಣ್ಣುಮಕ್ಕಳು ಅಷ್ಟು ಓದುತ್ತಾರಲ್ಲ ಎಂಬ ಹೆಮ್ಮೆ ನಮಗೆ. ಫೋಟೊದ ಕೆಳಗೆ ಅವಳ ಹೆಸರು, ತಂದೆಯ ಹೆಸರು, ಊರು, ಕಾಲೇಜು, ತರಗತಿ ಎಲ್ಲವನ್ನೂ ಬರೆದು ಅಭಿನಂದನೆ ಹೇಳಿ ವಾಟ್ಸಾಪ್ ಗುಂಪಿಗೆ ಹಾಕಿದೆವು. ಫೇಸ್‌ಬುಕ್ಕಿಗೂ ಹಾಕಿದೆವು. ಹಾಕಬಹುದೇ ಎಂದು ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

"ನಿಮ್ಮಿಂದಲೇ ಆಯಿತು ಅಂತ ನಾನು ಹೇಳ್ತಿಲ್ಲ" ಎಂದರು ಆ ತಾಯಿ. ಅವರ ದೊಡ್ಡ ಮನಸ್ಸು. ಆದರೆ ನಮಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಈ ತಿಂಗಳ ಅಂಕಣವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇವೆ.

ಹೆರೋದನು ಕೇಳಿದ ಎರಡು ಸಂಗತಿ

ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯ ನಮಗೆಲ್ಲ ಬಾಯಿಪಾಠ. ಕ್ರಿಸ್ಮಸ್ ಗೋದಲಿಯಲ್ಲಿ ಪ್ರತಿವರ್ಷವೂ ಮೂವರು ಜ್ಞಾನಿಗಳನ್ನು ಒಂಟೆಯ ಜೊತೆ ನಿಲ್ಲಿಸುತ್ತೇವೆ. ಆದರೆ ಆ ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಆ ಜ್ಞಾನಿಗಳು ಕೆಟ್ಟವರಲ್ಲ. ಮಗುವನ್ನು ಕಂಡು ಆರಾಧಿಸಬೇಕೆಂದು ಅಷ್ಟು ದೂರದಿಂದ ಬಂದವರು. ಸಂತೋಷದಲ್ಲಿ ಜೆರುಸಲೇಮಿನಲ್ಲಿ ಎಲ್ಲರ ಮುಂದೆಯೇ ಮಗುವಿನ ಬಗ್ಗೆ ವಿಚಾರಿಸಿದರು. ಸುದ್ದಿ ಅರಮನೆಗೆ ಮುಟ್ಟಿತು.

ಹೆರೋದನು ಎರಡು ಸಂಗತಿ ತಿಳಿದುಕೊಂಡ. ಮಗು ಹುಟ್ಟುವ ಊರು ಯಾವುದು ಎಂಬುದನ್ನು ಯಾಜಕರು, ಶಾಸ್ತ್ರಿಗಳು ಹೇಳಿದರು. ನಕ್ಷತ್ರ ಕಾಣಿಸಿಕೊಂಡ ಕಾಲ ಯಾವುದು ಎಂಬುದನ್ನು ಜ್ಞಾನಿಗಳಿಂದ ಗುಟ್ಟಾಗಿ ಕೇಳಿ ತಿಳಿದ. ಎಂದರೆ ಊರು ಮತ್ತು ವಯಸ್ಸು. ಹೇಳಿದವರಲ್ಲಿ ಯಾರೂ ಮಗುವಿಗೆ ಕೇಡು ಬಯಸಿ ಹೇಳಲಿಲ್ಲ. ಆದರೂ ಮುಂದೆ ಬೆತ್ಲೆಹೇಮಿನಲ್ಲಿ ಎರಡು ವರ್ಷ ಮತ್ತು ಅದಕ್ಕೂ ಚಿಕ್ಕ ಗಂಡುಮಕ್ಕಳ ರಕ್ತ ಹರಿದದ್ದು ಆ ಎರಡು ಸಂಗತಿಗಳ ಲೆಕ್ಕದ ಮೇಲೆಯೇ.

ಮಗು ಉಳಿದದ್ದು ಹೇಗೆ? ಜ್ಞಾನಿಗಳು ಹೆರೋದನ ಬಳಿಗೆ ಮರಳಿ ಹೋಗಲಿಲ್ಲ, ಬೇರೆ ದಾರಿ ಹಿಡಿದು ತಮ್ಮ ಊರಿಗೆ ಹೋದರು. ಸಂತ ಜೋಸೆಫರು ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಯಾರಿಗೂ ಸುಳಿವು ಕೊಡಲಿಲ್ಲ. ನಮ್ಮ ಪ್ರಭುವಿನ ಬಾಲ್ಯವನ್ನು ಕಾಪಾಡಿದ್ದರಲ್ಲಿ ಇಂಥ ಮೌನಕ್ಕೂ ಒಂದು ಪಾಲಿದೆ.

ನಾವು ಹಬ್ಬದ ದಿನ ಸಂತೋಷದಲ್ಲಿ ಬರೆದದ್ದೂ ಅದೇ ಅಲ್ಲವೇ? ಹೆಸರು, ಊರು, ವಯಸ್ಸು ಗೊತ್ತಾಗುವ ತರಗತಿ. ಗುಂಪಿನಲ್ಲಿ ಹೆರೋದ ಇದ್ದಾನೆಯೇ ಎಂದು ನಾವು ನೋಡಲಿಲ್ಲ.

ಈ ಬೆಟ್ಟ ಮೌನ ಕಲಿತ ಕಾಲ

ತಾಳವಾಡಿ ಬೆಟ್ಟದವರಿಗೆ ಈ ಪಾಠ ಹೊಸದಲ್ಲ. ಮಧ್ಯವಯಸ್ಸು ದಾಟಿದವರಿಗೆಲ್ಲ ನೆನಪಿದೆ. 2000ನೆಯ ಇಸವಿ ಜುಲೈ 30ರ ರಾತ್ರಿ ಇದೇ ತಾಳವಾಡಿ ಪಕ್ಕದ ದೊಡ್ಡಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದ. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ 108 ದಿನ ಅವರು ಕಾಡಿನಲ್ಲಿದ್ದರು. ಎರಡು ರಾಜ್ಯಗಳೇ ತಲ್ಲಣಿಸಿ ಹೋದವು.

ಆ ಕಾಲದಲ್ಲಿ ಕಾಡಂಚಿನ ಊರುಗಳ ಬಾಳು ಹೇಗಿತ್ತು ಎಂಬುದನ್ನು ಹಿರಿಯರನ್ನು ಕೇಳಿ. ಪೊಲೀಸರಿಗೆ ಸುದ್ದಿ ಕೊಟ್ಟವನೆಂದು ಅನುಮಾನ ಬಂದರೆ ಕಾಡಿನವರ ಭಯ. ಕಾಡಿನವರಿಗೆ ಸುದ್ದಿ ಕೊಟ್ಟವನೆಂದು ಅನುಮಾನ ಬಂದರೆ ಪೊಲೀಸರ ಭಯ. ವಿಶೇಷ ಕಾರ್ಯಪಡೆಯವರಿಂದ ಜನರಿಗಾದ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಲು ಆಯೋಗ ಹೇಳಿತು. ಯಾರ ಮನೆಗೆ ಯಾರು ಬಂದರು, ಯಾರು ಯಾವ ದಾರಿಯಲ್ಲಿ ಹೋದರು ಎಂಬ ಒಂದೊಂದು ಮಾತಿಗೂ ಆಗ ಬೆಲೆ ತೆರಬೇಕಾಗಿತ್ತು. ಹೊಸಬರು ಬಂದು ವಿಚಾರಿಸಿದರೆ ನಮ್ಮ ಅವ್ವಂದಿರು ನೀರು ಕೊಡುತ್ತಿದ್ದರು, ಕೂರಲು ಹೇಳುತ್ತಿದ್ದರು, ಆದರೆ ಪಕ್ಕದ ಮನೆಯ ವಿಷಯ ಬಾಯಿ ಬಿಡುತ್ತಿರಲಿಲ್ಲ. "ಅವರನ್ನೇ ಕೇಳಿ ಸ್ವಾಮಿ" ಎನ್ನುತ್ತಿದ್ದರು, ಅಷ್ಟೆ.

2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಭಯ ಹೋಯಿತು, ಒಳ್ಳೆಯದಾಯಿತು. ಆದರೆ ಭಯದ ಜೊತೆಗೆ ಆ ಎಚ್ಚರವನ್ನೂ ನಾವು ಕಾಡಿನಲ್ಲಿ ಬಿಟ್ಟು ಬಂದೆವೇನೋ. ಅಂದು ಅಪರಿಚಿತನಿಗೆ ಪಕ್ಕದ ಮನೆಯವರ ಹೆಸರನ್ನೂ ಹೇಳದಿದ್ದ ಅದೇ ಊರಿನವರು ಇಂದು ಆ ಮನೆಯ ಮಗುವಿನ ಫೋಟೊ, ಹುಟ್ಟುಹಬ್ಬ, ಶಾಲೆ ಎಲ್ಲವನ್ನೂ ಬೆರಳ ತುದಿಯಲ್ಲಿ ಲೋಕಕ್ಕೆ ಹೇಳುತ್ತಿದ್ದೇವೆ.

ಆನೆಯ ಸುದ್ದಿ ಹೇಳಿ, ಮಗುವಿನ ಸುದ್ದಿ ಬೇಡ

"ಹಾಗಾದರೆ ಮೊಬೈಲೇ ಬೇಡವೇ?" ಎಂದು ಕೇಳಬಹುದು. ಹಾಗಲ್ಲ. ಮೊಬೈಲು ಇಲ್ಲದಿದ್ದರೆ ನಮ್ಮ ಬೆಟ್ಟದ ಜನ ಏನು ಕಷ್ಟಪಡುತ್ತಿದ್ದೆವು ಎಂಬುದು ನಮಗೇ ಗೊತ್ತು. ತಿರುಪ್ಪೂರಿನಲ್ಲಿ ದುಡಿಯುವ ಮಗನ ಮುಖ ನೋಡುವುದು ಅದರಿಂದಲೇ. ಸಂತೆಯ ಬೆಲೆ ತಿಳಿಯುವುದೂ ಅದರಿಂದಲೇ.

ಎಲ್ಲಿದೆ ಎಂದು ಹೇಳಲೇಬೇಕಾದ ಸುದ್ದಿಯೂ ಉಂಟು. ಇದೇ ಪಶ್ಚಿಮಘಟ್ಟದ ವಾಲ್ಪಾರೈಯಲ್ಲಿ ಆನೆ ಯಾವ ತೋಟದ ಹತ್ತಿರ ಬಂದಿದೆ ಎಂಬುದನ್ನು ಮೊಬೈಲ್ ಸಂದೇಶದ ಮೂಲಕ ಜನರಿಗೆ ತಿಳಿಸುವ ಕೆಲಸ 2011ರಿಂದ ನಡೆದುಬಂದಿತು. ಅದರಿಂದ ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವರು ಎಚ್ಚರಗೊಂಡು ಜೀವ ಉಳಿಸಿಕೊಂಡರು. ನಮ್ಮಲ್ಲಿಯೂ ಜೋಳದ ಹೊಲಕ್ಕೆ ಆನೆ ಬಂತೆಂದರೆ ಒಬ್ಬರಿಗೊಬ್ಬರು ಫೋನು ಮಾಡುತ್ತೇವೆ. ಇದು ಒಳ್ಳೆಯ ಕೆಲಸ. ಯಾರಿಗೆ ತಿಳಿಯಬೇಕೋ ಅವರಿಗೆ, ಅವರ ಜೀವ ಉಳಿಯಲೆಂದು ಹೇಳುವ ಸುದ್ದಿ.

ಈಗ ಇದರ ಜೊತೆಗೆ ನಾವು ದಿನವೂ ಹಾಕುವ ಸುದ್ದಿಗಳನ್ನು ಇಟ್ಟು ನೋಡೋಣ. ಆಗಸ್ಟ್ 29ಕ್ಕೆ ವೇಳಾಂಕಣಿಯಲ್ಲಿ ಧ್ವಜಾರೋಹಣ. ಮನೆಮಂದಿಯೆಲ್ಲ ಬೀಗ ಹಾಕಿ ಹೊರಡುತ್ತೇವೆ. ಬಸ್ಸು ದಿಂಬಂ ಘಾಟಿಯ 27 ತಿರುವು ಇಳಿಯುವ ಮೊದಲೇ, "ಕುಟುಂಬ ಸಮೇತ ಮಾತೆಯ ಸನ್ನಿಧಿಗೆ, ಹಬ್ಬ ಮುಗಿಸಿ ವಾಪಸು" ಎಂದು ಸ್ಟೇಟಸ್ ಹಾಕಿರುತ್ತೇವೆ. ಮನೆಯಲ್ಲಿ ಯಾರೂ ಇಲ್ಲ, ಇಷ್ಟು ದಿನ ಬರುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತೇವೆಯೇ? ಸ್ಟೇಟಸ್ಸೂ ಅಂಥದೇ ಚೀಟಿ. ಫೋಟೊ ಹಾಕಬೇಕೆಂದಿದ್ದರೆ ಮನೆಗೆ ಬಂದು, ದೀಪ ಹಚ್ಚಿ, ಆಮೇಲೆ ಹಾಕಿದರೆ ಮಾತೆ ಬೇಸರಪಡುವುದಿಲ್ಲ.

ಶಾಲೆಯ ಮೊದಲ ದಿನ ಸಮವಸ್ತ್ರ ಹಾಕಿದ ಮಗುವಿನ ಫೋಟೊ ಹಾಕುತ್ತೇವೆ. ಎದೆಯ ಮೇಲಿನ ಗುರುತುಚೀಟಿಯಲ್ಲಿ ಶಾಲೆಯ ಹೆಸರು, ಮಗುವಿನ ಹೆಸರು, ಅಪ್ಪನ ಫೋನ್ ನಂಬರು ಸ್ಪಷ್ಟವಾಗಿ ಕಾಣುತ್ತದೆ. ಗೇಟಿನ ಹತ್ತಿರ ನಿಂತು ಅಪರಿಚಿತನೊಬ್ಬ ಆ ಹೆಸರು ಹಿಡಿದು ಕರೆದು, "ನಿಮ್ಮಪ್ಪ ಕಳಿಸಿದ್ದಾರೆ" ಎಂದರೆ ಮಗು ನಂಬದೆ ಇರುತ್ತದೆಯೇ?

ಹಬ್ಬಕ್ಕೆ ಬಂದವರು ತೆಗೆಯುವ ಫೋಟೊಗಳದೂ ಅದೇ ಕಥೆ. ದೀಪಾವಳಿ ಮುಗಿದ ಮೇಲೆ ನಮ್ಮ ಪಕ್ಕದ ಗುಮಟಾಪುರದಲ್ಲಿ ಗೊರೆ ಹಬ್ಬ ನಡೆಯುತ್ತದೆ. ಸೆಗಣಿ ಎರಚಿ ಆಡುವ ಜನರ ಮುಖ ಇಂದು ಎಲ್ಲೆಲ್ಲಿಯೋ ಹರಿದಾಡುತ್ತಿದೆ. ಗೊತ್ತಿಲ್ಲದವರು ಅದರ ಕೆಳಗೆ ಹೀಯಾಳಿಸಿ ಬರೆಯುತ್ತಾರೆ. ಹಬ್ಬ ಆ ಊರಿನದು, ಮುಖ ಆ ಮನುಷ್ಯನದು. ಅದನ್ನು ಇಟ್ಟುಕೊಂಡು ನಗುವ ಅಧಿಕಾರ ಬೇರೆಯವರಿಗೆ ಎಲ್ಲಿಂದ ಬಂತು?

ಪ್ರಾರ್ಥನೆಯ ಹೆಸರಿನಲ್ಲಿ

ಕ್ರೈಸ್ತರಾದ ನಾವು ವಿಶೇಷವಾಗಿ ಯೋಚಿಸಬೇಕಾದ ಒಂದು ಸಂಗತಿ ಇದೆ. ಅದೇ ಪ್ರಾರ್ಥನಾ ಗುಂಪುಗಳು. ಒಬ್ಬರಿಗೆ ಕಾಯಿಲೆ ಬಂದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿರುವ ಫೋಟೊವನ್ನೇ ಹಾಕಿ, "ಪ್ರಾರ್ಥಿಸಿರಿ" ಎಂದು ಬರೆಯುತ್ತೇವೆ. ಜೊತೆಗೆ ಡಾಕ್ಟರು ಕೊಟ್ಟ ವರದಿಯನ್ನೂ ಹಾಕುತ್ತೇವೆ. "ಇಂಥವರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಆ ಕುಟುಂಬಕ್ಕಾಗಿ ಒಂದು ಜಪಸರ ಹೇಳಿ" ಎಂದು ಕಳಿಸುತ್ತೇವೆ. ಉದ್ದೇಶ ಪ್ರಾರ್ಥನೆಯೇ. ಆದರೆ ಹತ್ತು ಜನ ಜಪಸರ ಹಿಡಿಯುವಷ್ಟರಲ್ಲಿ ನೂರು ಜನ ಆ ಮನೆಯ ಗುಟ್ಟನ್ನು ತಿಳಿದಿರುತ್ತಾರೆ.

ದೇವರಿಗೆ ವರದಿ ಓದಿ ಹೇಳಬೇಕಾಗಿಲ್ಲ. "ನಮ್ಮ ಧರ್ಮಕೇಂದ್ರದ ಒಬ್ಬ ಸಹೋದರಿಗಾಗಿ ಪ್ರಾರ್ಥಿಸೋಣ" ಎಂದರೆ ಸಾಲದೇ? ಹೆಸರು ಹಾಕಲೇಬೇಕೆಂದಿದ್ದರೆ ಅವರ ಮನೆಯವರನ್ನು ಕೇಳಿ ಹಾಕೋಣ.

ಇದು ನಾವು ಹೊಸದಾಗಿ ಕಂಡುಹಿಡಿದ ನೀತಿಯಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 220ನೆಯ ವಿಧಿ ಇದನ್ನೇ ಹೇಳುತ್ತದೆ. ಯಾರೊಬ್ಬರ ಒಳ್ಳೆಯ ಹೆಸರಿಗೂ ಅನ್ಯಾಯವಾಗಿ ಕುಂದು ತರಬಾರದು, ತಮ್ಮ ಖಾಸಗಿ ಬದುಕನ್ನು ಕಾಪಾಡಿಕೊಳ್ಳುವ ಅವರ ಹಕ್ಕನ್ನು ಮುರಿಯಬಾರದು ಎಂಬುದು ಅದರ ಸಾರ. ಕಥೋಲಿಕ ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ, 2492ನೆಯ ಸಂಖ್ಯೆಯಲ್ಲಿ, ಇತರರ ಖಾಸಗಿ ಬದುಕಿನ ವಿಷಯದಲ್ಲಿ ನಾವು ಮಿತಿ ಕಾಯಬೇಕೆಂದು ಕಲಿಸುತ್ತದೆ. ಸುಳ್ಳು ಹೇಳಿದರೆ ಮಾತ್ರ ಈ ಕಟ್ಟಳೆ ಮುರಿಯುತ್ತದೆ ಎಂದುಕೊಂಡವರು ನಾವು. ಹೇಳಬೇಕಾಗಿಲ್ಲದ ಕಡೆ ನಿಜವನ್ನು ಹೇಳಿ ಒಬ್ಬರ ಮಾನ ಕಳೆಯುವುದೂ ಪಾಪವೇ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಅಂಥ ಮೌನವನ್ನು ಗೌರವಿಸುವ ಧರ್ಮದಲ್ಲಿ ಹುಟ್ಟಿ ಬೆಳೆದವರು ನಾವು, ಪಕ್ಕದ ಮನೆಯ ಕಣ್ಣೀರನ್ನು ಫಾರ್ವರ್ಡ್ ಮಾಡಬಹುದೇ?

ನಾಡಿನ ಕಾನೂನೂ ಅದನ್ನೇ ಹೇಳುತ್ತದೆ

ಖಾಸಗಿ ಬದುಕು ಓದಿದವರಿಗೆ, ಪಟ್ಟಣದವರಿಗೆ ಮಾತ್ರ ಎಂದು ಕೆಲವರು ತಿಳಿದಿದ್ದಾರೆ. ಈ ಹಕ್ಕನ್ನು ದೇಶಕ್ಕೆಲ್ಲ ಗಟ್ಟಿ ಮಾಡಿಸಿದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕು ರಾಗಿ ಹೊಲದಲ್ಲಿ ಕೂಲಿ ಮಾಡುವ ತಾಯಿಗೂ ಅಷ್ಟೇ ಸಲ್ಲುತ್ತದೆ, ಅವಳ ಮಗಳಿಗೂ ಸಲ್ಲುತ್ತದೆ.

ಇನ್ನೊಬ್ಬರ ಗುರುತು ಕದ್ದು ಬಳಸುವುದು, ಇನ್ನೊಬ್ಬರಂತೆ ನಟಿಸಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಇದೆ. ಒಬ್ಬರ ಗುಪ್ತ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹರಡುವುದು 66ಇ ಕಲಮಿನ ಪ್ರಕಾರ ಅಪರಾಧ. ಹೆಣ್ಣುಮಕ್ಕಳನ್ನು ಜಾಲದಲ್ಲಿ ಬೆನ್ನುಹತ್ತಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಕೆಳಗೆ ಬರುತ್ತದೆ. ಆದ್ದರಿಂದ "ಮೊಬೈಲಿನಲ್ಲಿ ಆದದ್ದಕ್ಕೆ ಯಾರು ದೂರು ತೆಗೆದುಕೊಳ್ಳುತ್ತಾರೆ" ಎಂದು ಸುಮ್ಮನೆ ಕೂರಬೇಕಾಗಿಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸ

ಈ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲ ಮೊಬೈಲು ಹಿಡಿದು ಒಂದರ್ಧ ಗಂಟೆ ಕುಳಿತರೆ ಇಷ್ಟನ್ನೂ ಮುಗಿಸಬಹುದು. ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಅವರಿಂದಲೇ ಕಲಿಯೋಣ.

1. ವಾಟ್ಸಾಪಿನ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಎಂಬ ಜಾಗಕ್ಕೆ ಹೋಗಿ, ನಮ್ಮ ಫೋಟೊ, ಸ್ಟೇಟಸ್, ಕೊನೆಯ ಸಲ ನೋಡಿದ ಸಮಯ ಇವು ನಮ್ಮ ಪರಿಚಯದವರಿಗೆ ಮಾತ್ರ ಕಾಣುವಂತೆ ಇಡೋಣ. ಗುಂಪಿಗೆ ನಮ್ಮನ್ನು ಯಾರು ಸೇರಿಸಬಹುದು ಎಂಬುದನ್ನೂ ಅಲ್ಲಿಯೇ ನಿರ್ಧರಿಸಬಹುದು.

2. ವಾಟ್ಸಾಪಿನಲ್ಲಿ ಎರಡು ಹಂತದ ಪರಿಶೀಲನೆ ಎಂಬುದಿದೆ. ಆರು ಅಂಕಿಯ ಗುಟ್ಟಿನ ಸಂಖ್ಯೆಯನ್ನು ನಾವೇ ಇಡಬೇಕು. ಇದಲ್ಲದೆ ನಮ್ಮ ಫೋನಿಗೆ ಬರುವ ಆರು ಅಂಕಿಯ ಕೋಡನ್ನು ಅಣ್ಣ ಕೇಳಿದರೂ, ಫಾದರ್ ಕೇಳಿದರೂ ಹೇಳಬಾರದು. ಕೇಳುವವರು ಅಣ್ಣನ ಹೆಸರಿನಲ್ಲಿರುವ ಕಳ್ಳರಾಗಿರಬಹುದು. ಕೋಡು ಕೊಟ್ಟರೆ ನಮ್ಮ ಖಾತೆ ಅವರ ಕೈಗೆ ಹೋಗಿ, ನಮ್ಮ ಹೆಸರಿನಲ್ಲಿ ನಮ್ಮವರನ್ನೇ ದುಡ್ಡು ಕೇಳುತ್ತಾರೆ.

3. ಫೇಸ್‌ಬುಕ್ಕಿನಲ್ಲಿ ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯವನ್ನು 2020ರಲ್ಲಿ ಭಾರತಕ್ಕೆ ತಂದರು. ಬೀಗ ಹಾಕಿದರೆ ಸ್ನೇಹಿತರಲ್ಲದವರು ನಮ್ಮ ಫೋಟೊಗಳನ್ನು ನೋಡಲಾಗದು. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಎಲ್ಲರಿಗೂ ಇದು ಒಳ್ಳೆಯದು.

4. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ ವಯಸ್ಸು 13. ಹತ್ತು ವರ್ಷದ ಮಗುವಿಗೆ ಸುಳ್ಳು ಹುಟ್ಟಿದ ದಿನ ಹಾಕಿ ಖಾತೆ ತೆರೆದುಕೊಡುವುದು ಪ್ರೀತಿಯಲ್ಲ. ವಯಸ್ಸು ಸುಳ್ಳು ಹೇಳಿದರೆ, ಚಿಕ್ಕವರಿಗೆಂದು ಆ ಕಂಪೆನಿಗಳು ಇಟ್ಟಿರುವ ರಕ್ಷಣೆಯೂ ಆ ಮಗುವಿಗೆ ಸಿಗುವುದಿಲ್ಲ.

5. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ನಿಲ್ಲಿಸಿಡಿ. ಫೋಟೊದ ಹಿಂದೆ ಮನೆ ನಂಬರು, ಶಾಲೆಯ ಫಲಕ, ಗಾಡಿ ನಂಬರು ಕಾಣುತ್ತಿದೆಯೇ ಎಂದು ಒಮ್ಮೆ ನೋಡಿ.

6. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ, ಜ್ಞಾನಸ್ನಾನದ ಪತ್ರ ಇವನ್ನು ಗುಂಪುಗಳಿಗೆ ಹಾಕಬೇಡಿ. ಬೇಕಾದವರಿಗೆ ಮಾತ್ರ ಕಳಿಸಿ, ಕೆಲಸವಾದ ಮೇಲೆ ಅಳಿಸಲು ಹೇಳಿ.

7. ಬೇರೆಯವರ ಫೋಟೊ ಹಾಕುವ ಮುನ್ನ ಕೇಳಿ. ಚಿಕ್ಕ ಮಕ್ಕಳದಾದರೆ ತಂದೆತಾಯಿಯನ್ನು ಕೇಳಿ, ತಿಳಿವಳಿಕೆ ಬಂದ ಮಕ್ಕಳಾದರೆ ಅವರನ್ನೂ ಕೇಳಿ. ಬೇಡ ಎಂದರೆ ಮುನಿಸಿಕೊಳ್ಳಬೇಡಿ.

ಕೇಡು ಆಗಿಬಿಟ್ಟರೆ

ಎಷ್ಟು ಎಚ್ಚರವಿದ್ದರೂ ಕೆಲವು ಸಲ ಕೇಡು ಆಗುತ್ತದೆ. ಆಗ ಮೊದಲು ಮಾಡಬಾರದ ಕೆಲಸವೊಂದಿದೆ. ಮಗಳನ್ನು ಬೈಯಬೇಡಿ. ಮನೆಗೆ ಕಳ್ಳ ನುಗ್ಗಿದರೆ ಕಳ್ಳನನ್ನು ಹುಡುಕುತ್ತೇವೆಯೇ ಹೊರತು ಮನೆಯವರಿಗೆ ಹೊಡೆಯುವುದಿಲ್ಲ. ಅಪ್ಪ ಅಮ್ಮ ಬೈಯುತ್ತಾರೆ, ಓದು ನಿಲ್ಲಿಸುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡಿರುತ್ತಾರೆ. ಬೆದರಿಸುವವನು ನಂಬಿಕೊಂಡಿರುವುದೂ ಆ ಹೆದರಿಕೆಯನ್ನೇ. "ನೀನು ಹೇಳು, ನಾವಿದ್ದೇವೆ" ಎಂಬ ಒಂದು ಮಾತಿನಿಂದ ಅವನ ಅರ್ಧ ಬಲ ಮುರಿಯುತ್ತದೆ.

ಎರಡನೆಯದಾಗಿ, ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಬೇಡಿ. ಆ ಖಾತೆ, ಆ ಸಂದೇಶ, ದಿನ, ಸಮಯ ಎಲ್ಲ ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ. ದೂರಿಗೆ ಅದೇ ಸಾಕ್ಷಿ. ಆಮೇಲೆ ಆ ಖಾತೆಯ ಮೇಲೆ ಜಾಲತಾಣದಲ್ಲಿಯೇ ದೂರು ಕೊಡಿ. ಒಬ್ಬರೇ ಅಲ್ಲ, ಆ ಹುಡುಗಿಯ ಗೆಳತಿಯರೂ ಕೊಡಲಿ. ನಕಲಿ ಖಾತೆ, ತಿರುಚಿದ ಅಶ್ಲೀಲ ಚಿತ್ರ ಇವುಗಳ ಬಗ್ಗೆ ದೂರು ಬಂದರೆ ಬೇಗನೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಕಂಪೆನಿಗಳಿಗೆ ಹೇಳಿವೆ.

ಮೂರನೆಯದಾಗಿ, ಪೊಲೀಸರಿಗೆ ದೂರು ಕೊಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಮಕ್ಕಳ ವಿಷಯವಾದರೆ 1098, ಹೆಣ್ಣುಮಕ್ಕಳಿಗೆ 181. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಂಗಸರ, ಮಕ್ಕಳ ಮೇಲಿನ ಅಪರಾಧಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಖಾಸಗಿ ಚಿತ್ರ ಹರಡುವ ಬೆದರಿಕೆ ಇದ್ದರೆ, ಚಿತ್ರವನ್ನು ಯಾರಿಗೂ ಕಳಿಸದೆಯೇ ಅದರ ಗುರುತನ್ನು ಮಾತ್ರ ದಾಖಲಿಸಿ ತಡೆಯುವ 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ವ್ಯವಸ್ಥೆ 2021ರಿಂದ ಇದೆ. 18 ತುಂಬದವರಿಗೆ 'ಟೇಕ್ ಇಟ್ ಡೌನ್' ಎಂಬುದಿದೆ.

ಗಡಿಯವರಾದ ನಮಗೆ ಇನ್ನೊಂದು ಗೊಂದಲ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಇಲ್ಲಿಯೇ ಉಳಿಯಿತು. ಅಂದಿನಿಂದ ಮನೆ ತಮಿಳುನಾಡಿನಲ್ಲಿ, ನೆಂಟರು ಕರ್ನಾಟಕದಲ್ಲಿ. ಮಕ್ಕಳಲ್ಲಿ ಒಬ್ಬರು ಆ ಕಡೆ ಓದಿದರೆ ಇನ್ನೊಬ್ಬರು ಈ ಕಡೆ ಓದುತ್ತಾರೆ. ದೂರು ಎಲ್ಲಿ ಕೊಡುವುದು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅವರು ದಾಖಲಿಸಿ ಸೇರಬೇಕಾದ ಠಾಣೆಗೆ ಕಳಿಸಬೇಕು. "ಇದು ನಮ್ಮ ಸರಹದ್ದಲ್ಲ" ಎಂಬ ಮಾತು ಕೇಳಿ ಹಿಂದಿರುಗಿ ಬರಬೇಡಿ. ತಮಿಳಿನಲ್ಲಿ ಬರೆಯಲು ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಧರ್ಮಕೇಂದ್ರಗಳಲ್ಲಿ ಅಂಥವರು ಇದ್ದೇ ಇರುತ್ತಾರೆ.

ಆ ಹುಡುಗಿ

ಅಂದಿನ ಮಾತಿಗೆ ಬರೋಣ. ಮರುದಿನವೇ ನಾವು ಆ ಮನೆಗೆ ಹೋದೆವು. ಮೊದಲು ಆ ಹುಡುಗಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವಳ ಅಪ್ಪನ ಮುಂದೆಯೂ ಹೇಳಿದೆವು, "ಫೋಟೊ ಹಾಕಿದವರು ನಾವು, ಶಿಕ್ಷೆ ಅವಳಿಗೆ ಬೇಡ" ಎಂದು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ದನಕ್ಕೆ ಮೇವು ಹಾಕಿ ಬಂದು ಕುಳಿತರು. "ನಾಳೆ ಠಾಣೆಗೆ ಯಾರು ಬರ್ತೀರಿ?" ಎಂದಷ್ಟೇ ಕೇಳಿದರು.

ದೂರು ಕೊಟ್ಟಾಯಿತು. ಗೆಳತಿಯರೂ ಸೇರಿ ಜಾಲತಾಣಕ್ಕೆ ದೂರು ಕಳಿಸಿದ ಮೇಲೆ ಆ ಖಾತೆಯನ್ನು ತೆಗೆದರು. ಮಾಡಿದವರು ಯಾರು ಎಂಬುದು ಇನ್ನೂ ತಿಳಿದಿಲ್ಲ. ಹುಡುಗಿ ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಕಾಲೇಜಿಗೆ ಹೊರಟಳು. ಅವಳ ಚೀಲವನ್ನು ಬಸ್ಸಿಗೆ ಏರಿಸಿದವರು ಅವಳ ಅಪ್ಪ.

ನಾವು ಹಾಕಿದ್ದ ಫೋಟೊವನ್ನು ಎಲ್ಲ ಕಡೆಯಿಂದ ಅಳಿಸಿದೆವು. ಆದರೆ ಅದು ಎಷ್ಟು ಜನರ ಮೊಬೈಲಿನಲ್ಲಿ ಉಳಿದಿದೆಯೋ ದೇವರೇ ಬಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಪ್ರಥಮ ಪರಮಪ್ರಸಾದವಾಗಲಿ, ಹಬ್ಬವಾಗಲಿ, ಮಕ್ಕಳ ಫೋಟೊವನ್ನು ಮನೆಯವರಿಗೆ ಮಾತ್ರ ಕಳಿಸುತ್ತೇವೆ. ಎಲ್ಲರಿಗೂ ತೋರಿಸಬೇಕೆಂದಿದ್ದರೆ ಅಚ್ಚು ಹಾಕಿಸಿ ಚರ್ಚಿನ ಒಳಗಿನ ಫಲಕಕ್ಕೆ ಅಂಟಿಸುತ್ತೇವೆ. ನೋಡುವವರು ಬಂದು ನೋಡುತ್ತಾರೆ. ಹಾಗೆ ಬಂದವರು ಒಂದು ಪ್ರಾರ್ಥನೆಯನ್ನೂ ಹೇಳಿ ಹೋಗುತ್ತಾರೆ.

ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಆ ಹುಡುಗಿಗೆ ಓದಲು ಕೊಟ್ಟೆವು. ಬರೆಯಬಹುದೇ ಎಂದು ಕೇಳಿದೆವು. ಅವಳು ಪೂರ್ತಿ ಓದಿ, "ಬರೀರಿ, ಬೇರೆಯವರಿಗೆ ಉಪಯೋಗ ಆಗಲಿ" ಎಂದು ಎರಡು ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದಳು. ಆ ಎರಡು ಸಾಲು ಇಲ್ಲಿಲ್ಲ.

ನಜರೇತಿನ ಪವಿತ್ರ ಕುಟುಂಬವನ್ನು ಕಾಯ್ದ ಸಂತ ಜೋಸೆಫರು ನಮ್ಮ ಮನೆಗಳನ್ನೂ, ನಮ್ಮ ನಾಲಿಗೆಯನ್ನೂ, ನಮ್ಮ ಬೆರಳುಗಳನ್ನೂ ಕಾಯಲಿ.